ಕೂಗು ದುಪ್ಪಟ್ಟಾದರೆ ತಿಮಿಂಗಿಲವೂ ದುಪ್ಪಟ್ಟೇ?

ಪ್ರಶ್ನೆ

ನಾನು ಕಡಲ ಜೀವಶಾಸ್ತ್ರದ ಸಂಶೋಧನಾ ವಿದ್ಯಾರ್ಥಿನಿ. ಆಳ ಸಮುದ್ರ ಶುರುವಾಗುವ ಇಳಿಜಾರಿನ ಅಂಚಿನಲ್ಲಿ ನಮ್ಮ ತಂಡ ಮೂರು ಧ್ವನಿ ರೆಕಾರ್ಡರ್‌ಗಳನ್ನು ಲಂಗರು ಕಟ್ಟಿ ಇಳಿಸಿತ್ತು. ಒಂದರಿಂದ ಇನ್ನೊಂದಕ್ಕೆ ಸುಮಾರು 25 ಕಿ.ಮೀ. ದೂರ. ಪ್ರತಿ ಅರ್ಧ ಗಂಟೆಯಲ್ಲಿ 10 ನಿಮಿಷ ಮಾತ್ರ ರೆಕಾರ್ಡಿಂಗ್, ಹೀಗೆ 90 ದಿನ. ನೀಲಿ ತಿಮಿಂಗಿಲದ ಹಾಡನ್ನು ಹುಡುಕುವ ತಂತ್ರಾಂಶ ಮೊದಲ ವರ್ಷ 14,200 ಕೂಗುಗಳನ್ನು ಹೆಕ್ಕಿ ಕೊಟ್ಟಿತು. ಮರುವರ್ಷ ಅದೇ ತಿಂಗಳುಗಳಲ್ಲಿ 27,900 ಸಿಕ್ಕವು. ಎರಡನೇ ವರ್ಷ ಹಗ್ಗ ಬದಲಾಯಿಸಿದ್ದರಿಂದ ರೆಕಾರ್ಡರ್‌ಗಳು 200 ಮೀಟರ್ ಬದಲು 600 ಮೀಟರ್ ಆಳದಲ್ಲಿದ್ದವು, ಉಳಿದದ್ದೆಲ್ಲ ಮೊದಲಿನಂತೆಯೇ. ತಿಮಿಂಗಿಲಗಳು ದುಪ್ಪಟ್ಟಾಗಿವೆ ಎಂದು ವರದಿಯಲ್ಲಿ ಬರೆಯಬಹುದೇ? ಪ್ರತಿ ತಿಮಿಂಗಿಲದ ದನಿಯೂ ಬೇರೆ, ಬೆರಳಚ್ಚಿನಂತೆ ಗುರುತಿಸಬಹುದು ಎಂದು ತಂಡದ ಒಬ್ಬರು ಹೇಳುತ್ತಾರೆ, ನಿಜವೇ? ಮೂರು ರೆಕಾರ್ಡರ್‌ಗಳಿಂದ "ಇಷ್ಟು ತಿಮಿಂಗಿಲಗಳಿವೆ" ಎಂಬ ಅಂಕಿ ತೆಗೆಯಬಹುದೇ, ಅಥವಾ ಇನ್ನಷ್ಟು ರೆಕಾರ್ಡರ್ ಕೊಳ್ಳಬೇಕೇ?

ಉತ್ತರ

ಮೊದಲು ಚಿಕ್ಕ ಉತ್ತರ. ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟುಕೊಂಡು ತಿಮಿಂಗಿಲಗಳು ಹೆಚ್ಚಿವೆ ಎನ್ನಲು ಬರುವುದಿಲ್ಲ. ಹೆಚ್ಚಿಲ್ಲ ಎನ್ನಲೂ ಬರುವುದಿಲ್ಲ. ನಿಮ್ಮ ಪತ್ರದಲ್ಲಿ ಸುಮ್ಮನೆ ಬಂದುಹೋಗುವ ಆ ಹಗ್ಗದ ಮಾತೇ ಇದಕ್ಕೆ ಸಾಕು. "ಉಳಿದದ್ದೆಲ್ಲ ಮೊದಲಿನಂತೆಯೇ" ಎಂದಿದ್ದೀರಿ. ಆದರೆ ಆಳ ಬದಲಾದಾಗ ಉಳಿದದ್ದು ಮೊದಲಿನಂತೆ ಇರುವುದಿಲ್ಲ.

ನೀಲಿ ತಿಮಿಂಗಿಲದ ಹಾಡು ಹೆಚ್ಚಾಗಿ 100 ಹರ್ಟ್ಝ್‌ಗಿಂತ ಕೆಳಗಿನ ದನಿ. ದೂರದ ಹಡಗುಗಳ ಎಂಜಿನ್ ಮೊರೆತ, ಪ್ರವಾಹಕ್ಕೆ ಸಿಕ್ಕಿ ಹಗ್ಗ ಕಂಪಿಸುವ ಗುಂಯ್ ಸದ್ದು, ಅಲೆಗಳಿಂದ ಲಂಗರು ಜಗ್ಗುವ ಸದ್ದು ಇವೂ ಅದೇ ಪಟ್ಟಿಯಲ್ಲಿವೆ. 200 ಮೀಟರ್‌ನಿಂದ 600ಕ್ಕೆ ಇಳಿದಾಗ ಅಲೆಯ ಜಗ್ಗಾಟ ಕಡಿಮೆಯಾಗುತ್ತದೆ, ಪ್ರವಾಹವೂ ಸಾಮಾನ್ಯವಾಗಿ ನಿಧಾನ. ಮೇಲಾಗಿ ಆಳಕ್ಕೆ ಹೋದಂತೆ, ಶಬ್ದ ಹೆಚ್ಚು ನಷ್ಟವಿಲ್ಲದೆ ಬಹುದೂರ ಸಾಗುವ ಪದರಕ್ಕೆ ಹೈಡ್ರೋಫೋನ್ (ರೆಕಾರ್ಡರ್‌ನ ನೀರೊಳಗಿನ ಮೈಕ್) ಹತ್ತಿರವಾಗುತ್ತದೆ. ಹಿನ್ನೆಲೆ ಗದ್ದಲ 3 ಡೆಸಿಬೆಲ್ ಇಳಿಯಿತು ಎಂದುಕೊಳ್ಳಿ. ಶಬ್ದ ಗೋಳಾಕಾರವಾಗಿ ಹರಡುತ್ತದೆ ಎಂಬ ಸರಳ ಲೆಕ್ಕದಲ್ಲಿ ದೂರ ಇಮ್ಮಡಿಯಾದರೆ ಶಬ್ದ 6 ಡೆಸಿಬೆಲ್ ಕುಗ್ಗುತ್ತದೆ. ಹಾಗಾಗಿ 3 ಡೆಸಿಬೆಲ್ ಉಳಿಕೆಯಾದರೆ ಕೇಳಿಸುವ ದೂರ 1.41 ಪಟ್ಟು ಹೆಚ್ಚುತ್ತದೆ. ವಿಸ್ತೀರ್ಣ ದೂರದ ವರ್ಗಕ್ಕೆ ಅನುಗುಣವಾಗಿರುವುದರಿಂದ ಅದು ಸರಿಯಾಗಿ ಎರಡು ಪಟ್ಟಾಗುತ್ತದೆ. ಕಡಲಿಗೆ ಒಂದೇ ಒಂದು ಹೊಸ ತಿಮಿಂಗಿಲ ಬಾರದೆ ನಿಮ್ಮ 14,200 ಹೀಗೆ 28,000ದ ಆಸುಪಾಸಿಗೆ ಬಂದುಬಿಡಬಹುದು. ನಿಜವಾದ ಕಡಲಿನಲ್ಲಿ ತಗ್ಗಿದ ದನಿಗಳು ಗೋಳಾಕಾರಕ್ಕಿಂತ ನಿಧಾನವಾಗಿ ಕ್ಷೀಣಿಸುವುದರಿಂದ ಈ ಹಿಗ್ಗುವಿಕೆ ಇನ್ನೂ ಜೋರಾಗಿರಬಹುದು.

ಹೀಗೇ ಆಗಿದೆ ಎಂದು ನಾನು ಹೇಳುತ್ತಿಲ್ಲ. ಹೀಗಾಗಿಲ್ಲ ಎಂದು ನೀವು ತೋರಿಸುವವರೆಗೆ ದುಪ್ಪಟ್ಟಿನ ಮಾತು ವರದಿಯಲ್ಲಿ ನಿಲ್ಲುವುದಿಲ್ಲ. ತೋರಿಸುವ ದಾರಿ ಕೊನೆಯಲ್ಲಿದೆ.

ದನಿಯಿಂದ ತಲೆ ಎಣಿಸಬಹುದೇ?

ನಿಮ್ಮ ಸಹೋದ್ಯೋಗಿಯ ಮಾತಿನಲ್ಲಿ ಅರ್ಧ ಸತ್ಯವಿದೆ. ನೀಲಿ ತಿಮಿಂಗಿಲಗಳ ಹಾಡು ಕಡಲಿನಿಂದ ಕಡಲಿಗೆ ಬೇರೆ. ದಕ್ಷಿಣ ಧ್ರುವದ ಸುತ್ತಲಿನವು ಹಾಡುವುದೇ ಒಂದು, ಹಿಂದೂ ಮಹಾಸಾಗರದ ಉತ್ತರ ಭಾಗದವು ಹಾಡುವುದೇ ಇನ್ನೊಂದು. ಹಾಗಾಗಿ ಹಾಡು ಕೇಳಿ "ಇದು ಯಾವ ಸಮುದಾಯ" ಎಂದು ಹೇಳಬಹುದು. ಆದರೆ ಒಂದೇ ಸಮುದಾಯದ ಗಂಡುಗಳು ಒಂದೇ ಹಾಡನ್ನು ಬಹುತೇಕ ಒಂದೇ ಸ್ವರದಲ್ಲಿ ಹಾಡುತ್ತವೆ; ದನಿ ಕೇಳಿ ಇದೇ ತಿಮಿಂಗಿಲ ಎನ್ನುವುದು ಆಗದ ಮಾತು. ಹತ್ತಾರು ಕಿಲೋಮೀಟರ್ ದಾಟಿ ಬರುವಾಗ ತಳ ಮತ್ತು ಮೇಲ್ಮೈಗೆ ತಾಗಿ ಬಂದ ಪ್ರತಿಧ್ವನಿಗಳು ಸೇರಿಕೊಂಡು, ಇದ್ದ ಸಣ್ಣಪುಟ್ಟ ವ್ಯತ್ಯಾಸವನ್ನೂ ಅಳಿಸಿಹಾಕುತ್ತವೆ.

ಸ್ಪರ್ಮ್ ತಿಮಿಂಗಿಲದ ಕಥೆ ಸ್ವಲ್ಪ ಬೇರೆ. ಅದರ ಒಂದು ಕ್ಲಿಕ್ ತಲೆಯೊಳಗೇ ಹಿಂದೆ ಮುಂದೆ ಪುಟಿದು, ಕೆಲವು ಮಿಲಿಸೆಕೆಂಡ್ ಅಂತರದ ಮಿಡಿತಗಳ ಸಾಲಾಗಿ ಹೊರಬರುತ್ತದೆ. ಆ ಅಂತರ ತಲೆಯ ಗಾತ್ರವನ್ನು, ಆ ಮೂಲಕ ದೇಹದ ಉದ್ದವನ್ನು ಹೇಳುತ್ತದೆ. ಹತ್ತು ಮೀಟರಿನ ಹೆಣ್ಣನ್ನೂ ಹದಿನೈದು ಮೀಟರಿನ ಗಂಡನ್ನೂ ಕ್ಲಿಕ್‌ನಿಂದಲೇ ಬೇರ್ಪಡಿಸಬಹುದು. ಇದೂ ಉದ್ದದ ಅಳತೆಯಷ್ಟೇ, ಗುರುತಿನ ಚೀಟಿಯಲ್ಲ.

ಇನ್ನೊಂದು ದೊಡ್ಡ ತಪ್ಪು ಕಲ್ಪನೆ ಎಂದರೆ ಇರುವ ತಿಮಿಂಗಿಲಗಳೆಲ್ಲ ಕೂಗುತ್ತವೆ ಎಂಬುದು. ನೀಲಿ, ಫಿನ್, ಹಂಪ್‌ಬ್ಯಾಕ್ ಈ ಮೂರರಲ್ಲೂ ಹಾಡುವುದು ಗಂಡು. ಉತ್ತರ ಅಟ್ಲಾಂಟಿಕ್‌ನ ರೈಟ್ ತಿಮಿಂಗಿಲಗಳಲ್ಲಿ ಪುಟ್ಟ ಮರಿಯಿರುವ ತಾಯಿ ಜೋರಾಗಿ ಕೂಗದೆ ಪಿಸುಗುಟ್ಟಿದಂತೆ ತಗ್ಗಿದ ದನಿ ಮಾಡುತ್ತದೆ. ಸಂಖ್ಯೆಯ ಭವಿಷ್ಯ ನಿಂತಿರುವುದೇ ಆ ತಾಯಂದಿರ ಮೇಲೆ. ರೆಕಾರ್ಡರ್‌ಗೆ ಎಲ್ಲಕ್ಕಿಂತ ಕಡಿಮೆ ಕೇಳಿಸುವುದೂ ಅವೇ.

ಕೂಗಿನಿಂದ ಸಾಂದ್ರತೆಗೆ

ಕೂಗೆಣಿಕೆಯಿಂದ ಸಾಂದ್ರತೆ, ಅಂದರೆ ಇಷ್ಟು ಚದರ ಕಿ.ಮೀ.ಗೆ ಇಷ್ಟು ತಿಮಿಂಗಿಲ ಎಂಬ ಅಂಕಿ, ತೆಗೆಯುವ ಸೂತ್ರ ಕಷ್ಟದ್ದಲ್ಲ. ತಂತ್ರಾಂಶ ಹೆಕ್ಕಿದ ಒಟ್ಟು ಕೂಗುಗಳಿಂದ ಸುಳ್ಳು ಪತ್ತೆಗಳನ್ನು (ಬೇರೆ ಸದ್ದನ್ನು ಕೂಗೆಂದು ಹೆಕ್ಕಿದ್ದನ್ನು) ಕಳೆಯಿರಿ. ಅದನ್ನು ಐದು ಸಂಖ್ಯೆಗಳ ಗುಣಲಬ್ಧದಿಂದ ಭಾಗಿಸಿ: ರೆಕಾರ್ಡರ್‌ಗಳ ಸಂಖ್ಯೆ, ಒಂದು ರೆಕಾರ್ಡರ್ ಸುತ್ತ ನೀವು ಗಡಿ ಹಾಕಿಕೊಂಡ ವೃತ್ತದ ವಿಸ್ತೀರ್ಣ, ಆ ವೃತ್ತದೊಳಗಿನ ಒಂದು ಕೂಗು ನಿಮ್ಮ ಯಂತ್ರಕ್ಕೆ ಸಿಗುವ ಸಂಭವನೀಯತೆ, ನಿಜವಾಗಿ ರೆಕಾರ್ಡ್ ಆದ ಸಮಯ, ಮತ್ತು ಒಂದು ತಿಮಿಂಗಿಲ ಸರಾಸರಿ ಗಂಟೆಗೆ ಎಷ್ಟು ಸಲ ಕೂಗುತ್ತದೆ ಎಂಬ ದರ.

ನಿಮ್ಮ ಮೊದಲ ವರ್ಷವನ್ನೇ ಇಡೋಣ. ನಿಮ್ಮ ಬಳಿ ಇಲ್ಲದ ಅಂಕಿಗಳನ್ನು ಉದಾಹರಣೆಗೆಂದು ಊಹಿಸಿಕೊಳ್ಳುತ್ತೇನೆ. 14,200ರಲ್ಲಿ ಶೇ 20 ಸುಳ್ಳು ಎಂದರೆ ಉಳಿದದ್ದು 11,360. ವೃತ್ತದ ತ್ರಿಜ್ಯ 40 ಕಿ.ಮೀ., ಅಂದರೆ ವಿಸ್ತೀರ್ಣ 5,027 ಚದರ ಕಿ.ಮೀ. ಸಿಗುವ ಸಂಭವನೀಯತೆ 0.3 ಎಂದರೆ ಒಂದು ರೆಕಾರ್ಡರ್‌ನ ಪರಿಣಾಮಕಾರಿ ವಿಸ್ತೀರ್ಣ 1,508 ಚದರ ಕಿ.ಮೀ.; ಮೂರಕ್ಕೆ 4,524. ಸಮಯ 90 ದಿನವಲ್ಲ. ಅರ್ಧ ಗಂಟೆಗೆ 10 ನಿಮಿಷದಂತೆ ಮೂರನೇ ಒಂದು ಭಾಗ, ಅಂದರೆ 720 ಗಂಟೆ. ಇಲ್ಲಿ 2,160 ಗಂಟೆ ಹಾಕಿ ಉತ್ತರವನ್ನು ಮೂರನೇ ಒಂದಕ್ಕೆ ಇಳಿಸಿಬಿಡುವುದು ಬಹಳ ಸಾಮಾನ್ಯವಾದ ತಪ್ಪು. ಕೂಗಿನ ದರ ಗಂಟೆಗೆ 4 ಎಂದಿಟ್ಟರೆ ಸಾವಿರ ಚದರ ಕಿ.ಮೀ.ಗೆ 0.87 ತಿಮಿಂಗಿಲ ಎಂಬ ಉತ್ತರ ಬರುತ್ತದೆ.

ಈಗ ದರವನ್ನು 4ರಿಂದ 1ಕ್ಕೆ ಇಳಿಸಿ: ಉತ್ತರ 3.5. ಅದನ್ನೇ 12ಕ್ಕೆ ಏರಿಸಿ: 0.29. ರೆಕಾರ್ಡಿಂಗ್ ಅದೇ, ಕೂಗುಗಳು ಅವೇ. ಉತ್ತರ ಮಾತ್ರ ಹನ್ನೆರಡು ಪಟ್ಟು ಅತ್ತಿತ್ತ. ಇದಕ್ಕೇ, ಈ ಕೆಲಸದಲ್ಲಿ ಅತ್ಯಂತ ಸುಲಭವಾದದ್ದು ಕೂಗು ಎಣಿಸುವುದು ಎನ್ನುತ್ತೇವೆ. ಕಷ್ಟವೆಲ್ಲ ಭಾಗಿಸುವ ಸಂಖ್ಯೆಗಳದ್ದು.

ನಿಮ್ಮ ರೆಕಾರ್ಡರ್‌ಗಳು 25 ಕಿ.ಮೀ. ಅಂತರದಲ್ಲಿರುವುದರಿಂದ ಒಂದೇ ಕೂಗು ಎರಡರಲ್ಲೂ ದಾಖಲಾಗಿರುತ್ತದೆ. ಅದಕ್ಕೆ ಗಾಬರಿ ಬೇಡ. ಮೇಲೆ ಎರಡು ಸಲ ಎಣಿಸಿದರೂ ಕೆಳಗೆ ವಿಸ್ತೀರ್ಣವನ್ನೂ ಎರಡು ಸಲ ಕೂಡಿಸಿರುತ್ತೀರಿ, ಸರಾಸರಿ ಕೆಡುವುದಿಲ್ಲ. ಕೆಡುವುದು ಅನಿಶ್ಚಿತತೆಯ ಲೆಕ್ಕ. ಮೂರೂ ಸ್ವತಂತ್ರ ಮಾದರಿಗಳು ಎಂದು ನಟಿಸಿದರೆ ದೋಷ ಇರುವುದಕ್ಕಿಂತ ಚಿಕ್ಕದಾಗಿ ಕಾಣುತ್ತದೆ.

ಸುಳ್ಳು ಪತ್ತೆಯ ಪ್ರಮಾಣ

ಇದು ಕುಳಿತು ಮಾಡಿದರೆ ಮುಗಿಯುವ ಕೆಲಸ. ತಂತ್ರಾಂಶ ಹೆಕ್ಕಿದ್ದರಲ್ಲಿ 500 ತುಣುಕುಗಳನ್ನು ಯಾದೃಚ್ಛಿಕವಾಗಿ ಆರಿಸಿ, ಸ್ಪೆಕ್ಟ್ರೋಗ್ರಾಮ್ (ದನಿಯ ಏರಿಳಿತ ತೋರಿಸುವ ಚಿತ್ರ) ನೋಡಿ ಹೌದು ಅಥವಾ ಅಲ್ಲ ಎಂದು ಗುರುತು ಹಾಕಿ. ಒಂದೇ ದಿನದ ಸಾಲು ಸಾಲು ಕೂಗುಗಳನ್ನು ತೆಗೆದುಕೊಳ್ಳಬೇಡಿ; ದಿನ, ರೆಕಾರ್ಡರ್, ಗದ್ದಲದ ಮಟ್ಟ ಮೂರರಲ್ಲೂ ಹಂಚಿರಲಿ. ಶೇ 25ರ ಆಸುಪಾಸಿನ ಪ್ರಮಾಣಕ್ಕೆ 500 ಮಾದರಿಯಲ್ಲಿ ಪ್ರಮಾಣ ದೋಷ ಶೇ 2ರಷ್ಟೇ. ಎರಡು ವರ್ಷಕ್ಕೂ ಬೇರೆಬೇರೆಯಾಗಿ ಮಾಡಿ, ಏಕೆಂದರೆ ಗದ್ದಲ ಬದಲಾದಾಗ ಸುಳ್ಳಿನ ಪ್ರಮಾಣವೂ ಬದಲಾಗುತ್ತದೆ. ಗುರುತು ಹಾಕುವವರಿಗೆ ತುಣುಕು ಯಾವ ವರ್ಷದ್ದು ಎಂದು ಗೊತ್ತಿರಬಾರದು.

ತಂತ್ರಾಂಶ ಬಿಟ್ಟುಬಿಟ್ಟ ಕೂಗುಗಳನ್ನು ಇಲ್ಲಿ ಸೇರಿಸಬೇಡಿ. ಅವು ಸಂಭವನೀಯತೆಯ ಲೆಕ್ಕಕ್ಕೆ ಸೇರಿದವು. ಎರಡೂ ಕಡೆ ಸೇರಿಸಿದರೆ ಒಂದೇ ನಷ್ಟಕ್ಕೆ ಎರಡು ಸಲ ಪರಿಹಾರ ಕೊಟ್ಟಂತೆ.

ಸಿಗುವ ಸಂಭವನೀಯತೆ

ಇದನ್ನು ಅಳೆಯಲು ಮುಖ್ಯವಾಗಿ ನಾಲ್ಕು ದಾರಿಗಳಿವೆ, ನಾಲ್ಕಕ್ಕೂ ಅದರದೇ ತೊಡಕು.

ಕೂಗಿದ ತಿಮಿಂಗಿಲ ಎಲ್ಲಿತ್ತೆಂದು ಗುರುತಿಸಿ, ದೂರ ಹೆಚ್ಚಿದಂತೆ ಕೂಗು ಸಿಗುವುದು ಹೇಗೆ ಕುಸಿಯುತ್ತದೆ ಎಂದು ನೋಡುವುದು ಒಂದು. ಮೂರು ರೆಕಾರ್ಡರ್‌ಗಳಿಗೂ ಒಂದೇ ಕೂಗು ತಲುಪಿದ್ದರೆ ತಲುಪಿದ ಸಮಯಗಳ ವ್ಯತ್ಯಾಸದಿಂದ ಜಾಗ ತಿಳಿಯುತ್ತದೆ. ಆದರೆ ಸಮುದ್ರದಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1,500 ಮೀಟರ್. ಗಡಿಯಾರ ಒಂದು ಸೆಕೆಂಡ್ ಜಾರಿದರೆ ಒಂದೂವರೆ ಕಿಲೋಮೀಟರಿನ ಎಡವಟ್ಟು, ಮತ್ತು ಮೂರು ತಿಂಗಳು ತಣ್ಣೀರಿನಲ್ಲಿ ಕುಳಿತ ಅಗ್ಗದ ಗಡಿಯಾರ ಒಂದು ಸೆಕೆಂಡಿಗೆ ನಿಲ್ಲುವುದಿಲ್ಲ. ಇಳಿಸುವ ಮುನ್ನ ಮತ್ತು ಎತ್ತಿದ ಕೂಡಲೇ, ಬ್ಯಾಟರಿ ತೆಗೆಯುವ ಮೊದಲು, ಜಿಪಿಎಸ್ ಸಮಯದೊಡನೆ ಹೋಲಿಸಿ ಬರೆದಿಟ್ಟಿದ್ದರೆ ನಡುವಿನ ಜಾರಿಕೆಯನ್ನು ಸರಳ ರೇಖೆ ಎಂದುಕೊಂಡು ತಿದ್ದಬಹುದು. ಬರೆದಿಟ್ಟಿಲ್ಲದಿದ್ದರೆ ಈ ದಾರಿ ನಿಮಗೆ ಬಹುತೇಕ ಮುಚ್ಚಿದೆ.

ಗಡಿಯಾರ ಸರಿಯಿದ್ದರೂ ಇನ್ನೊಂದು ಬಲೆಯಿದೆ. 25 ಕಿ.ಮೀ. ಅಂತರಕ್ಕೆ ಸಮಯ ವ್ಯತ್ಯಾಸ ಗರಿಷ್ಠ 16.7 ಸೆಕೆಂಡ್. ಫಿನ್ ತಿಮಿಂಗಿಲ 20 ಹರ್ಟ್ಝ್‌ನ ಮಿಡಿತವನ್ನು ಹತ್ತು ಹದಿನೈದು ಸೆಕೆಂಡಿಗೊಮ್ಮೆ ಹೊರಡಿಸುತ್ತ ಹೋಗುತ್ತದೆ. ಹಾಗಾಗಿ ಈ ರೆಕಾರ್ಡರ್‌ನ ಮಿಡಿತಕ್ಕೆ ಆ ರೆಕಾರ್ಡರ್‌ನ ಯಾವ ಮಿಡಿತ ಜೋಡಿ ಎಂಬುದೇ ಗೊಂದಲ. ಅಂಟಾರ್ಕ್ಟಿಕ್ ನೀಲಿ ತಿಮಿಂಗಿಲದಂತೆ ನಿಮಿಷಕ್ಕೊಮ್ಮೆ ಹಾಡಿನ ತುಣುಕು ಹೊರಡಿಸುವ ಸಮುದಾಯವಾದರೆ ಈ ತೊಂದರೆಯಿಲ್ಲ. ನಿಮ್ಮದು ಯಾವ ಸಮುದಾಯ, ಅದರ ತುಣುಕುಗಳ ನಡುವೆ ಎಷ್ಟು ಸೆಕೆಂಡ್ ಎಂದು ಮೊದಲು ಅಳೆದು ನೋಡಿ.

ಎರಡನೆಯದು, ಪ್ರಾಣಿಯ ಬೆನ್ನಿಗೆ ಹೀರುಬಟ್ಟಲಿನಿಂದ ಅಂಟುವ ಧ್ವನಿ ಟ್ಯಾಗ್ ಹಾಕಿ, ಅದು ಕೂಗಿದ್ದರಲ್ಲಿ ಎಷ್ಟು ನಿಮ್ಮ ಹೈಡ್ರೋಫೋನ್‌ಗೆ ಸಿಕ್ಕಿತು ಎಂದು ನೇರವಾಗಿ ನೋಡುವುದು. ಬಹಾಮಾಸ್‌ನ ಟಂಗ್ ಆಫ್ ದಿ ಓಷನ್ ಎಂಬ ಆಳದ ಕಂದರದಲ್ಲಿ ಬ್ಲೇನ್‌ವಿಲ್ ಕೊಕ್ಕು ತಿಮಿಂಗಿಲಗಳಿಗೆ ಹೀಗೆ ಮಾಡಲಾಯಿತು. ಅಮೆರಿಕದ ನೌಕಾಪಡೆ ತನ್ನ ಪರೀಕ್ಷಾ ಕ್ಷೇತ್ರದ ತಳದಲ್ಲಿ ಹಾಸಿದ್ದ 82 ಹೈಡ್ರೋಫೋನ್‌ಗಳು, ಆರು ದಿನದ ರೆಕಾರ್ಡಿಂಗ್. 2009ರಲ್ಲಿ ಪ್ರಕಟವಾದ ಉತ್ತರ ಸಾವಿರ ಚದರ ಕಿ.ಮೀ.ಗೆ 25.3 ಅಥವಾ 22.5. ಸುಳ್ಳು ಪತ್ತೆಗಳನ್ನು ಹೇಗೆ ಲೆಕ್ಕ ಹಿಡಿಯುತ್ತೀರಿ ಎಂಬುದರ ಮೇಲೆ ಈ ಎರಡರಲ್ಲೊಂದು. 25.3ಕ್ಕೆ ಶೇ 95ರ ವಿಶ್ವಾಸ ವ್ಯಾಪ್ತಿ, ಅಂದರೆ ನಿಜ ಉತ್ತರ ಇರಬಹುದಾದ ಹರಹು, 17.3ರಿಂದ 36.9. 82 ಹೈಡ್ರೋಫೋನ್ ಇದ್ದೂ ವ್ಯಾಪ್ತಿ ಇಷ್ಟು ಅಗಲ ಎಂಬುದನ್ನು ಗಮನಿಸಿ.

ಮೂರನೆಯದು ಲೆಕ್ಕಾಚಾರದ ದಾರಿ. ಕೂಗಿನ ಮೂಲ ಮಟ್ಟ, ನೀರಿನ ಉಷ್ಣತೆಯ ಪದರಗಳು, ತಳದ ಮಣ್ಣು, ಅಳೆದ ಗದ್ದಲ ಇವನ್ನೆಲ್ಲ ಕೊಟ್ಟು ಸಾವಿರಾರು ಕಾಲ್ಪನಿಕ ಕೂಗುಗಳನ್ನು ಕಂಪ್ಯೂಟರಿನಲ್ಲಿ ಹರಿಬಿಡುವುದು. ನಿಮ್ಮ ಕೈಗೆಟಕುವುದು ಇದೇ. ಅಂಟಾರ್ಕ್ಟಿಕ್‌ನಲ್ಲಿ ಅಳೆದ ನೀಲಿ ತಿಮಿಂಗಿಲದ ಕೂಗಿನ ಮೂಲ ಮಟ್ಟ 1 ಮೀಟರ್ ದೂರಕ್ಕೆ, 1 ಮೈಕ್ರೊಪಾಸ್ಕಲ್ ಆಧಾರದಲ್ಲಿ, ಸುಮಾರು 189 ಡೆಸಿಬೆಲ್. ಅದರ ಸುತ್ತ 3 ಡೆಸಿಬೆಲ್ ಹರಹು. ಆ 3 ಡೆಸಿಬೆಲ್ ವಿಸ್ತೀರ್ಣದಲ್ಲಿ ಏನು ಮಾಡುತ್ತದೆಂದು ಮೇಲೆಯೇ ನೋಡಿದೆವು. ಒಂದೇ ಸಂಖ್ಯೆ ಕೊಡದೆ ಹರಹನ್ನೇ ಕೊಟ್ಟು ಓಡಿಸಿ. ಗದ್ದಲವನ್ನೂ ಸರಾಸರಿ ಮಾಡಿ ಕೊಡಬೇಡಿ. ಗಂಟೆ ಗಂಟೆಯ ಅಳತೆ ಕೊಡಿ.

ನಾಲ್ಕನೆಯದರಲ್ಲಿ ಜಾಗದ ಲೆಕ್ಕವನ್ನೂ ಸೇರಿಸಿದ "ಹಿಡಿ, ಮತ್ತೆ ಹಿಡಿ" ಎಂಬ ವಿಧಾನವಿದೆ. ಒಂದು ಕೂಗು ಯಾವ ಯಾವ ಹೈಡ್ರೋಫೋನ್‌ಗಳಿಗೆ ಸಿಕ್ಕಿತು, ಯಾವುದಕ್ಕೆ ಸಿಗಲಿಲ್ಲ ಎಂಬ ಮಾದರಿಯಿಂದಲೇ ಸಂಭವನೀಯತೆ ತೆಗೆಯುವುದು. ಹವಾಯಿ ಬಳಿ ಮಿಂಕಿ ತಿಮಿಂಗಿಲಗಳ "ಬೋಯಿಂಗ್" ಎನ್ನುವ ಕೂಗಿಗೆ ಇದನ್ನು ಬಳಸಿದ್ದಾರೆ. ಆರ್ ಎಂಬ ಸಂಖ್ಯಾಶಾಸ್ತ್ರದ ಕಂಪ್ಯೂಟರ್ ಭಾಷೆಯಲ್ಲಿ ಇದಕ್ಕೆ ಉಚಿತ ತಂತ್ರಾಂಶ ಪೊಟ್ಟಣಗಳಿವೆ. ಮೂರು ರೆಕಾರ್ಡರ್‌ನಲ್ಲಿ ಸಿಗುವ ಮಾದರಿಗಳು ಏಳೇ ಏಳು, ಹಾಗಾಗಿ ಉತ್ತರ ಬಂದರೂ ಅದರ ಮೇಲೆ ಭಾರ ಹಾಕಬೇಡಿ.

ಕೂಗಿನ ದರ

ಕಳವಳಪಡಬೇಕಾದದ್ದು ಇದರ ಬಗ್ಗೆ. ಸೂತ್ರಕ್ಕೆ ಬೇಕಾದದ್ದು ಹಾಡುತ್ತಿರುವ ಗಂಡಿನ ದರವಲ್ಲ. ಗಂಡು, ಹೆಣ್ಣು, ಮರಿ, ಹಾಡುವವು, ಸುಮ್ಮನಿರುವವು, ಹಗಲು, ರಾತ್ರಿ ಎಲ್ಲವನ್ನೂ ಕೂಡಿಸಿದ ಸರಾಸರಿ. ಪ್ರಬಂಧಗಳಲ್ಲಿ ಸುಲಭವಾಗಿ ಸಿಗುವುದು ಮೊದಲನೆಯದು. ನಿಮಿಷಕ್ಕೊಂದು ತುಣುಕು ಹಾಡುವ ಗಂಡಿನ ದರ ಗಂಟೆಗೆ 60. ದಿನದ ಹತ್ತನೇ ಒಂದು ಭಾಗ ಮಾತ್ರ ಹಾಡಿದರೆ 6, ಸಮುದಾಯದ ಅರ್ಧ ಮಾತ್ರ ಗಂಡಾದರೆ 3. ಇಪ್ಪತ್ತು ಪಟ್ಟು ವ್ಯತ್ಯಾಸ!

ಟ್ಯಾಗ್‌ನಿಂದ ಅಳೆದರೂ ಓರೆ ಉಳಿಯುತ್ತದೆ. ಹೀರುಬಟ್ಟಲಿನ ಟ್ಯಾಗ್ ಸಾಮಾನ್ಯವಾಗಿ ಕೆಲವು ಗಂಟೆ ನಿಲ್ಲುತ್ತದೆ, ಹಾಕುವುದು ಹಗಲಿನಲ್ಲಿ, ಶಾಂತ ಕಡಲಿನಲ್ಲಿ. ಹಾಕಿದ ಮೊದಲ ಹೊತ್ತು ಪ್ರಾಣಿ ಬೆದರಿರುತ್ತದೆ. ಪಕ್ಕದಲ್ಲಿ ಈಜುವ ಇನ್ನೊಂದು ತಿಮಿಂಗಿಲ ಕೂಗಿದ್ದೂ ಇದರ ಟ್ಯಾಗ್‌ನಲ್ಲಿ ಜೋರಾಗಿಯೇ ದಾಖಲಾಗುತ್ತದೆ. ಯಾರು ಕೂಗಿದ್ದು ಎಂದು ಬಿಡಿಸಲು ಟ್ಯಾಗ್‌ನ ಕಂಪನಮಾಪಕದಲ್ಲಿ ದೇಹದ ಅದುರು ಕಾಣಿಸಿತೇ ಎಂದು ನೋಡುತ್ತಾರೆ. ಇನ್ನೊಂದು ಕಡಲಿನ, ಇನ್ನೊಂದು ಋತುವಿನ ದರವನ್ನು ಎರವಲು ತರುವುದಂತೂ ತೀರಾ ಅಪಾಯ. ಮೇಯುವ ಜಾಗದಲ್ಲಿ ಸುಮ್ಮನಿರುವ ಪ್ರಾಣಿ ಸಂತಾನದ ಋತುವಿನಲ್ಲಿ ಗಂಟೆಗಟ್ಟಲೆ ಹಾಡಬಹುದು.

ಕೊಕ್ಕು ತಿಮಿಂಗಿಲ ಮತ್ತು ಸ್ಪರ್ಮ್ ತಿಮಿಂಗಿಲಗಳಲ್ಲಿ ಈ ತಲೆನೋವು ಕಡಿಮೆ. ಅವು ಕ್ಲಿಕ್ ಮಾಡುವುದು ಬೇಟೆ ಹುಡುಕಲು. ಗಂಡು ಹೆಣ್ಣೆರಡೂ ಆಳಕ್ಕೆ ಮುಳುಗಿದಾಗಲೆಲ್ಲ ಮಾಡಲೇಬೇಕು. ಸ್ಪರ್ಮ್ ತಿಮಿಂಗಿಲ ಆಳದಲ್ಲಿ ಸೆಕೆಂಡಿಗೆ ಒಂದೆರಡು ಕ್ಲಿಕ್‌ನಂತೆ ಮುಕ್ಕಾಲು ಗಂಟೆ ಮುಂದುವರಿಸುತ್ತದೆ. ಹಾಡು ಮನಸ್ಸಿದ್ದರೆ ಹಾಡುವುದು, ಕ್ಲಿಕ್ ಹೊಟ್ಟೆಪಾಡು. ನಂಬಿಕೆಗೆ ಯೋಗ್ಯವಾದ ಧ್ವನಿ ಅಂದಾಜುಗಳಲ್ಲಿ ಹಲ್ಲಿರುವ ತಿಮಿಂಗಿಲಗಳವು ಹೆಚ್ಚಿರುವುದು ಇದರಿಂದಲೇ. ನಿಮ್ಮ ರೆಕಾರ್ಡರ್ ಸೆಕೆಂಡಿಗೆ 48,000 ಮಾದರಿ ತೆಗೆದುಕೊಳ್ಳುತ್ತಿದ್ದರೆ 24 ಕಿಲೋಹರ್ಟ್ಝ್‌ವರೆಗಿನ ದನಿ ಸಿಗುತ್ತದೆ. ಸ್ಪರ್ಮ್ ತಿಮಿಂಗಿಲದ ಕ್ಲಿಕ್‌ಗೆ ಅಷ್ಟು ಸಾಕು. ಕೊಕ್ಕು ತಿಮಿಂಗಿಲಕ್ಕೆ ಸಾಲದು, ಅವು 40 ಕಿಲೋಹರ್ಟ್ಝ್ ಆಸುಪಾಸಿನಲ್ಲಿ ಕ್ಲಿಕ್ ಮಾಡುತ್ತವೆ. ಹಳೆಯ ಕಡತಗಳನ್ನು ಒಮ್ಮೆ ಸ್ಪರ್ಮ್ ತಿಮಿಂಗಿಲಕ್ಕಾಗಿ ಹುಡುಕಿ ನೋಡಿ. ಸಂಖ್ಯೆಯ ಅಂದಾಜಿಗೆ ನೀಲಿಗಿಂತ ಅದೇ ಒಳ್ಳೆಯ ಹೂರಣವಾದರೂ ಆಶ್ಚರ್ಯವಿಲ್ಲ.

ಇನ್ನಷ್ಟು ರೆಕಾರ್ಡರ್ ಕೊಳ್ಳಬೇಕೇ?

ಅನಿಶ್ಚಿತತೆಗಳನ್ನು ನೇರವಾಗಿ ಕೂಡುವುದಲ್ಲ, ಒಂದೊಂದರ ವರ್ಗವನ್ನು ಕೂಡಿಸಿ ವರ್ಗಮೂಲ ತೆಗೆಯಬೇಕು. ಮೂರು ರೆಕಾರ್ಡರ್‌ಗಳ ನಡುವಣ ಏರಿಳಿತದಿಂದ ಶೇ 30, ಸಂಭವನೀಯತೆಯಿಂದ ಶೇ 20, ಕೂಗಿನ ದರದಿಂದ ಶೇ 40, ಸುಳ್ಳು ಪತ್ತೆಯಿಂದ ಶೇ 5 ಎಂದುಕೊಳ್ಳಿ. ಒಟ್ಟು ಶೇ 54. ಅಂದರೆ ಮೇಲೆ ಬಂದ 0.87ರ ವಿಶ್ವಾಸ ವ್ಯಾಪ್ತಿ ಸುಮಾರು 0.32ರಿಂದ 2.35. ಈಗ ಮೂರರ ಬದಲು ಹನ್ನೆರಡು ರೆಕಾರ್ಡರ್ ಇಳಿಸಿ: 30 ಇದ್ದದ್ದು 15 ಆಗುತ್ತದೆ, ಒಟ್ಟು ಶೇ 47. ರೆಕಾರ್ಡರ್ ಹೆಚ್ಚಿಸದೆ ದರದ ಅನಿಶ್ಚಿತತೆಯನ್ನು 40ರಿಂದ 20ಕ್ಕೆ ತಂದರೆ ಶೇ 42. ನಾಲ್ಕು ಪಟ್ಟು ಉಪಕರಣ, ನಾಲ್ಕು ಪಟ್ಟು ಹಡಗಿನ ವೇಳೆಗಿಂತ ಟ್ಯಾಗ್ ಹಾಕುವ ಕೆಲಸಕ್ಕೆ ಹೆಚ್ಚು ಫಲ. ಉಪಕರಣಕ್ಕೆ ಹಣ ಸಿಗುವಷ್ಟು ಸುಲಭವಾಗಿ ಟ್ಯಾಗ್‌ಗೆ ಸಿಗುವುದಿಲ್ಲ ಎಂಬುದು ಬೇರೆ ಮಾತು.

ಆದರೆ ರೆಕಾರ್ಡರ್ ಹೆಚ್ಚಿಸಲು ಇನ್ನೊಂದು ಕಾರಣವಿದೆ, ಅದು ಜಾಗದ ಆಯ್ಕೆ. ತಿಮಿಂಗಿಲ ಬರುತ್ತದೆಂದು ಗೊತ್ತಿದ್ದೇ ಆ ಇಳಿಜಾರಿನ ಅಂಚನ್ನು ಆರಿಸಿದ್ದೀರಿ. ಅಲ್ಲಿನ ಸಾಂದ್ರತೆಯನ್ನು ಇಡೀ ಕಡಲಿಗೆ ಗುಣಿಸುವಂತಿಲ್ಲ. ಬಾಲ್ಟಿಕ್ ಸಮುದ್ರದ ಹಾರ್ಬರ್ ಪೋರ್ಪಾಯ್ಸ್‌ಗಳ (ತಿಮಿಂಗಿಲದ ಪುಟ್ಟ ಬಂಧುಗಳ) ಸಾಂಬಾ ಯೋಜನೆಯಲ್ಲಿ 2011ರಿಂದ 2013ರವರೆಗೆ 304 ಜಾಗಗಳಲ್ಲಿ, ಪ್ರಾಣಿ ಇದೆಯೋ ಇಲ್ಲವೋ ನೋಡದೆ, ಸಮ ಅಂತರದ ಜಾಲವಾಗಿ ಕ್ಲಿಕ್ ದಾಖಲಿಸುವ ಉಪಕರಣ ಇಳಿಸಿದರು. ಬಂದ ಅಂದಾಜು 491, ವಿಶ್ವಾಸ ವ್ಯಾಪ್ತಿ 71ರಿಂದ 1,105. ಇಷ್ಟು ದೊಡ್ಡ ಯೋಜನೆಗೆ ಇಷ್ಟು ಅಗಲದ ಉತ್ತರವೇ ಎನ್ನಬೇಡಿ. ಪ್ರಾಣಿ ಅಪರೂಪವಾದಾಗ ಬಹುತೇಕ ಉಪಕರಣಗಳು ಏನನ್ನೂ ಕೇಳದೆ ವಾಪಸಾಗುತ್ತವೆ. ಅಂಕಿ ನಿಲ್ಲುವುದು ಕೇಳಿಸಿಕೊಂಡ ಕೆಲವೇ ಕೆಲವು ಉಪಕರಣಗಳ ಮೇಲೆ.

ಸಾಂದ್ರತೆ ಎಂದರೆ ಒಂದು ಕ್ಷಣದಲ್ಲಿ ಸರಾಸರಿ ಎಷ್ಟಿದ್ದವು ಎಂಬುದು ಮಾತ್ರ ಎನ್ನುವುದೂ ನೆನಪಿರಲಿ. 90 ದಿನವೂ ಸರಾಸರಿ 4 ತಿಮಿಂಗಿಲ ಎಂದರೆ ಅವೇ ನಾಲ್ಕು ಅಲ್ಲೇ ಇದ್ದಿರಬಹುದು, ಅಥವಾ ತಲಾ ಮೂರು ದಿನ ತಂಗಿ ಹೋದ 120 ಬೇರೆಬೇರೆ ತಿಮಿಂಗಿಲಗಳಿರಬಹುದು. ಇವೆರಡನ್ನು ಧ್ವನಿ ಬಿಡಿಸುವುದಿಲ್ಲ. ಅದಕ್ಕೆ ಫೋಟೊ ಗುರುತು ಅಥವಾ ಚರ್ಮದ ಚೂರಿನ ಡಿಎನ್‌ಎ ಬೇಕು. ಓಮಾನ್ ಕರಾವಳಿಯ ಹಂಪ್‌ಬ್ಯಾಕ್‌ಗಳಿಗೆ 82 ಎಂಬ ಅಂದಾಜು, 60ರಿಂದ 111ರ ವ್ಯಾಪ್ತಿಯೊಡನೆ, ಬಂದದ್ದು ಬಾಲದ ಫೋಟೊಗಳಂಥ ಗುರುತುಗಳಿಂದ, ಹಾಡಿನಿಂದಲ್ಲ.

ಧ್ವನಿ ಎಲ್ಲಿ ನಿಜವಾಗಿ ಗೆದ್ದಿದೆ

ಇಷ್ಟೆಲ್ಲ ತೊಡಕು ಕೇಳಿ ಕೈಬಿಡಬೇಕೆಂದೇನಿಲ್ಲ. ಕಣ್ಣಿನ ಎಣಿಕೆ ಸೋತ ಜಾಗದಲ್ಲಿ ಹೈಡ್ರೋಫೋನ್ ದಾರಿ ತೆಗೆದಿದೆ. 1977ರಲ್ಲಿ ಅಂತರರಾಷ್ಟ್ರೀಯ ತಿಮಿಂಗಿಲ ಆಯೋಗ ಬೋಹೆಡ್ ತಿಮಿಂಗಿಲದ ಬೇಟೆಗೆ ನಿಷೇಧ ಹೇರಿದಾಗ ಅಲಾಸ್ಕಾದ ಮೂಲನಿವಾಸಿ ಇನೂಪಿಯಾಟ್ ಬೇಟೆಗಾರರು ಎಣಿಕೆಯೇ ತಪ್ಪು, ತಿಮಿಂಗಿಲಗಳು ದೂರದಲ್ಲಿ ಮಂಜುಗಡ್ಡೆಯ ಅಡಿಯಿಂದಲೂ ದಾಟುತ್ತವೆ ಎಂದು ವಾದಿಸಿದರು. ಮಂಜುಗಡ್ಡೆಯಡಿ ಹೈಡ್ರೋಫೋನ್ ಇಳಿಸಿದಾಗ ಅವರ ಮಾತೇ ನಿಜವಾಯಿತು. ಅಲ್ಲಿ ಕೂಗನ್ನು ನೇರವಾಗಿ ಸಂಖ್ಯೆಯಾಗಿ ಮಾಡಲಿಲ್ಲ ಎಂಬುದೇ ಜಾಣತನ: ದಾಟುವವುಗಳಲ್ಲಿ ಎಷ್ಟು ಪಾಲು ಕಣ್ಣಿಗೆ ಕಾಣುವ ದೂರದಲ್ಲಿ ಹೋಗುತ್ತವೆ ಎಂದು ತಿಳಿಯಲು ಮಾತ್ರ ಧ್ವನಿ ಬಳಸಿ, ಕಣ್ಣಿನ ಎಣಿಕೆಯನ್ನು ತಿದ್ದಿದರು. 2001ರಲ್ಲಿ ಸುಮಾರು 10,500, 2011ರಲ್ಲಿ ಸುಮಾರು 16,900 ಎಂಬ ಅಂದಾಜುಗಳು ಬಂದದ್ದು ಈ ಜೋಡಿ ವಿಧಾನದಿಂದ.

ಹಡಗಿನ ಹಿಂದೆ ಹೈಡ್ರೋಫೋನ್ ಸಾಲು ಎಳೆಯುತ್ತ ಹೋಗುವುದು ಇನ್ನೊಂದು ದಾರಿ. 1997ರಲ್ಲಿ ಉತ್ತರ ಪೆಸಿಫಿಕ್‌ನ ಪೂರ್ವ ಭಾಗದಲ್ಲಿ ಸ್ಪರ್ಮ್ ತಿಮಿಂಗಿಲಗಳಿಗೆ ಒಂದೇ ಯಾನದಲ್ಲಿ ಎರಡೂ ಮಾಡಿದರು: ಕಣ್ಣಿನಿಂದ 26,300, ಧ್ವನಿಯಿಂದ 32,100. ಅಂಕಿಗಳಿಗಿಂತ ಅನಿಶ್ಚಿತತೆ ನೋಡಿ, ಮೊದಲನೆಯದಕ್ಕೆ ಶೇ 81, ಎರಡನೆಯದಕ್ಕೆ ಶೇ 36. ಆದರೆ ಗುಂಪಿನಲ್ಲಿ ಎಷ್ಟಿವೆ ಎಂಬುದನ್ನು ಅಲ್ಲೂ ಕಣ್ಣಿನಿಂದಲೇ ಎಣಿಸಿದ್ದರು. ನೇರ ಸಾಲಿನಲ್ಲಿ ಎಳೆಯುವಾಗ ದನಿ ಎಡದಿಂದ ಬಂತೋ ಬಲದಿಂದ ಬಂತೋ ತಿಳಿಯುವುದಿಲ್ಲ ಎಂಬ ತೊಂದರೆಯಿದೆ. ಹಡಗು ಸ್ವಲ್ಪ ತಿರುಗಿಸಿದರೆ ಬಗೆಹರಿಯುತ್ತದೆ. ನೀಲಿ ತಿಮಿಂಗಿಲದ ತಗ್ಗಿದ ದನಿ ಮಾತ್ರ ಎಳೆಯುವ ಹಡಗಿನ ಮೊರೆತದಲ್ಲೇ ಮುಳುಗಿಹೋಗುತ್ತದೆ.

ನಿಮಗೆ ಹೆಚ್ಚು ಹೊಂದುವುದು ಮೂರನೇ ಬಗೆ: ಒಟ್ಟು ಸಂಖ್ಯೆಯ ಗೊಡವೆ ಬಿಟ್ಟು ವರ್ಷದಿಂದ ವರ್ಷಕ್ಕೆ ಏರಿತೋ ಇಳಿಯಿತೋ ಎಂದಷ್ಟೇ ಹೇಳುವುದು. ಮೆಕ್ಸಿಕೊದ ವಾಕೀಟಾ ಪೋರ್ಪಾಯ್ಸ್‌ಗೆ 2011ರಿಂದ 46 ಜಾಗಗಳಲ್ಲಿ ಪ್ರತಿ ಬೇಸಗೆ ಅದೇ ಬಗೆಯ ಉಪಕರಣ ಇಳಿಸಿ, 2015ರವರೆಗೆ ವರ್ಷಕ್ಕೆ ಶೇ 34ರಷ್ಟು ಕುಸಿತ ಎಂದು ತೋರಿಸಿದರು. ಸಂಭವನೀಯತೆಯೂ ಕೂಗಿನ ದರವೂ ಎಲ್ಲ ವರ್ಷ ಒಂದೇ ಎಂದಾದರೆ ಅನುಪಾತದಲ್ಲಿ ಅವೆರಡೂ ಹೊಡೆದುಹೋಗುತ್ತವೆ, ಅವುಗಳ ನಿಜ ಬೆಲೆ ತಿಳಿಯಬೇಕಾಗಿಯೇ ಇಲ್ಲ. ಈ ಲಾಭವನ್ನೇ ನಿಮ್ಮ ಹಗ್ಗ ಕಿತ್ತುಕೊಂಡದ್ದು.

ನೀಲಿ ತಿಮಿಂಗಿಲದಲ್ಲಿ ದೀರ್ಘಾವಧಿಗೆ ಇನ್ನೆರಡು ಎಚ್ಚರ. ಅವುಗಳ ಹಾಡಿನ ಸ್ವರ ಜಗತ್ತಿನಾದ್ಯಂತ ವರ್ಷ ವರ್ಷ ಸ್ವಲ್ಪ ಸ್ವಲ್ಪ ಇಳಿಯುತ್ತ ಬಂದಿದೆ. ಹಳೆಯ ಅಚ್ಚಿಗೆ ಹೊಂದಿಸಿ ಹುಡುಕುವ ತಂತ್ರಾಂಶ ಹತ್ತು ವರ್ಷದಲ್ಲಿ ನಿಧಾನವಾಗಿ ಕಿವುಡಾಗುತ್ತದೆ, ಸಂಖ್ಯೆ ಕುಸಿದಂತೆ ಕಾಣುತ್ತದೆ. ಮತ್ತೆ, ಹಾಡುವವು ಬಹಳವಾದಾಗ ದೂರದ ದನಿಗಳೆಲ್ಲ ಸೇರಿ ಒಂದು ಅಖಂಡ ಗುಂಜನವಾಗಿ, ಬಿಡಿ ಕೂಗುಗಳು ಅದರಲ್ಲಿ ಮುಳುಗುತ್ತವೆ. ತಿಮಿಂಗಿಲ ಹೆಚ್ಚಿದಂತೆ ಎಣಿಕೆ ಏರದೆ ನಿಂತುಬಿಡಬಹುದು, ಇಳಿಯಲೂಬಹುದು.

ಈಗ ಕೈಯಲ್ಲಿರುವುದರಿಂದ ಏನು ಮಾಡಬೇಕು

ಎರಡೂ ವರ್ಷದ ಕಡತಗಳಿಂದ ಹಾಡಿನ ಪಟ್ಟಿಯೊಳಗಿನ ಗದ್ದಲವನ್ನು ಗಂಟೆಗೊಂದರಂತೆ ಅಳೆಯಿರಿ. ಪ್ಯಾಮ್‌ಗಾರ್ಡ್ ಎಂಬ ತಂತ್ರಾಂಶ ಉಚಿತವಾಗಿ ಸಿಗುತ್ತದೆ, ಇದಕ್ಕೆ ಸಾಕು. ಹೈಡ್ರೋಫೋನ್‌ನ ಸೂಕ್ಷ್ಮತೆಯ ಅಂಕಿಯನ್ನು ಪ್ರತಿಯೊಂದಕ್ಕೂ ಅದರ ಕ್ರಮಸಂಖ್ಯೆ ನೋಡಿ ಹಾಕಿ. ಎಲ್ಲಕ್ಕೂ ಒಂದೇ ಅಂಕಿ ಹಾಕಿದರೆ ನೀವು ಹುಡುಕುತ್ತಿರುವ 3 ಡೆಸಿಬೆಲ್ ಅಲ್ಲೇ ಕಳೆದುಹೋಗುತ್ತದೆ. ಮೊದಲ ವರ್ಷದ ಗದ್ದಲದಲ್ಲಿ ಶೇ 95 ಗಂಟೆಗಳು ಯಾವ ಮಟ್ಟದ ಕೆಳಗಿದ್ದವೋ ಅದಕ್ಕೆ, ತಂತ್ರಾಂಶಕ್ಕೆ ಕೂಗು ಗುರುತಿಸಲು ಗದ್ದಲಕ್ಕಿಂತ ಎಷ್ಟು ಡೆಸಿಬೆಲ್ ಮೇಲಿರಬೇಕೋ ಅಷ್ಟನ್ನು ಕೂಡಿಸಿ. ಬಂದ ಮಟ್ಟಕ್ಕಿಂತ ಜೋರಾಗಿ ತಲುಪಿದ ಕೂಗುಗಳನ್ನು ಮಾತ್ರ ಎರಡೂ ವರ್ಷದಲ್ಲಿ ಎಣಿಸಿ. ಇವು ಎರಡು ವರ್ಷದಲ್ಲೂ ಗದ್ದಲ ಎಷ್ಟಿದ್ದರೂ ಹೆಚ್ಚುಕಡಿಮೆ ತಪ್ಪದೆ ಸಿಗುವಷ್ಟು ಜೋರಾದವು. ಮೂರನೇ ಎರಡು ಭಾಗ ಅಂಕಿ ಹೋದರೂ ಹೋಗಲಿ. ಆಮೇಲೂ ಅನುಪಾತ ಎರಡರ ಹತ್ತಿರವೇ ಉಳಿದರೆ ಆಗ ಮಾತಿಗೆ ತೂಕ ಬರುತ್ತದೆ. ಒಂದರ ಹತ್ತಿರ ಇಳಿದರೆ ಕಾರಣ ಗದ್ದಲವೇ.

ಇದು ಗದ್ದಲವನ್ನು ಸರಿಪಡಿಸುತ್ತದೆ, ಆಳದಿಂದ ಶಬ್ದ ಸಾಗುವ ರೀತಿ ಬದಲಾದದ್ದನ್ನಲ್ಲ. ಅದಕ್ಕೆ ಮುಂದಿನ ಋತುವಿನಲ್ಲಿ ಒಂದೇ ಲಂಗರಿನ ಹಗ್ಗಕ್ಕೆ ಎರಡು ರೆಕಾರ್ಡರ್ ಕಟ್ಟಿ, ಒಂದು 200 ಮೀಟರ್‌ನಲ್ಲಿ, ಇನ್ನೊಂದು 600ರಲ್ಲಿ. ಅದೇ ತಿಮಿಂಗಿಲಗಳು, ಅದೇ ದಿನಗಳು, ಅದೇ ತಂತ್ರಾಂಶ. ಎರಡು ಎಣಿಕೆಗಳ ಅನುಪಾತವೇ ಹಳೆಯ ಎರಡು ವರ್ಷಗಳನ್ನು ಹೋಲಿಸಲು ಬೇಕಾದ ತಿದ್ದುಪಡಿ. ಆ ಜೋಡಿಯನ್ನು ಅರ್ಧ ಗಂಟೆಗೆ 10 ನಿಮಿಷದಂತೆ ಬೇಡ, ನಿರಂತರವಾಗಿ ಓಡಿಸಿ. ನೀಲಿ ತಿಮಿಂಗಿಲಕ್ಕೆ ಮಾತ್ರ ಎಂದಾದರೆ ಸೆಕೆಂಡಿಗೆ 2,000 ಮಾದರಿ ಸಾಕು. 16 ಬಿಟ್‌ನಲ್ಲಿ ದಿನಕ್ಕೆ 346 ಮೆಗಾಬೈಟ್, 90 ದಿನಕ್ಕೆ 31 ಗಿಗಾಬೈಟ್, ಒಂದು ಸಣ್ಣ ಕಾರ್ಡಿನಲ್ಲಿ ಹಿಡಿಯುತ್ತದೆ. ಈಗಿನ ವರದಿಯಲ್ಲಿ "ಪತ್ತೆಯಾದ ಕೂಗುಗಳು 14,200ರಿಂದ 27,900ಕ್ಕೆ ಏರಿದವು, ಈ ನಡುವೆ ರೆಕಾರ್ಡರ್‌ನ ಆಳ 200ರಿಂದ 600 ಮೀಟರ್‌ಗೆ ಬದಲಾಯಿತು" ಎಂದು ಒಂದೇ ವಾಕ್ಯದಲ್ಲಿ ಬರೆಯಿರಿ, ಎರಡನ್ನೂ ಬೇರೆ ಪುಟಗಳಲ್ಲಿ ಹಾಕಬೇಡಿ.